ಎದೆಯ ಕಾಯಿಲೆ ಹೆಬ್ಬೆರಳಿಗೆ ಬಂದದ್ದು

ನನಗೆ ಶ್ವಾಸಕೋಶದ ಕ್ಯಾನ್ಸರ್ ಇದೆ ಎಂದು ಗೊತ್ತಾದದ್ದು ಬಲಗೈಯ ಹೆಬ್ಬೆರಳಿನಿಂದ. ಹೀಗೆ ಹೇಳಿದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಬೆರಳು ನೋಡುತ್ತಾರೆ, ಕೊನೆಗೆ ಇವಳಿಗೆ ತಲೆ ಸರಿ ಉಂಟಾ ಎನ್ನುವ ಹಾಗೆ ನನ್ನ ಗಂಡನ ಕಡೆಗೆ ನೋಡುತ್ತಾರೆ. ನನಗೆ ಕೆಮ್ಮಿರಲಿಲ್ಲ, ದಮ್ಮು ಕಟ್ಟಿದ್ದಿಲ್ಲ, ಕಫದಲ್ಲಿ ರಕ್ತ ಕಂಡದ್ದಿಲ್ಲ. ಬೀಡಿ ಸಿಗರೇಟು ಮುಟ್ಟಿದವಳಲ್ಲ. ಆದರೂ ಬಂತು. ಯಾಕೆ ಬಂತು ಎಂದು ಡಾಕ್ಟರನ್ನು ಕೇಳಿದರೆ, "ಎಲ್ಲದಕ್ಕೂ ಕಾರಣ ಸಿಗುವುದಿಲ್ಲ ಅಮ್ಮಾ" ಎಂದರು. ಆ ಮಾತನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವಾಯಿತು. ಯಾಕೆಂದರೆ ನಾನು ಅಷ್ಟರಲ್ಲಿ ಕಾರಣ ಹುಡುಕಿ, ಅದಕ್ಕೊಂದು ಹೆಸರಿಟ್ಟು, ನಡು ಮಾರ್ಕೆಟಿನಲ್ಲಿ ನಿಂತು ಬೈದೂ ಆಗಿತ್ತು.

ಆ ಕಾರಣದ ಹೆಸರು ಗುಲಾಬಿ.

ನನ್ನ ಹೆಸರು ವಾರಿಜ. ವಯಸ್ಸು ಐವತ್ತನಾಲ್ಕು. ಕಾಪುವಿನ ಮಾರ್ಕೆಟಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಮೀನು ಮಾರುತ್ತಿದ್ದೇನೆ. ಗುಲಾಬಿ ನನ್ನ ಪಕ್ಕದಲ್ಲಿ ಕೂರುವವಳು. ಇಬ್ಬರೂ ಒಂದೇ ವಾರದಲ್ಲಿ ಬುಟ್ಟಿ ಇಟ್ಟವರು. ಬೆಳಿಗ್ಗೆ ಒಂದೇ ಟೆಂಪೋದಲ್ಲಿ ಮಲ್ಪೆ ಬಂದರಿಗೆ ಹೋಗಿ ಏಲಂನಲ್ಲಿ, ಅಂದರೆ ಹರಾಜಿನಲ್ಲಿ, ಮೀನು ಹಿಡಿಯುವುದು, ಒಂದೇ ಫ್ಲಾಸ್ಕಿನ ಚಹಾ ಕುಡಿಯುವುದು, ಒಬ್ಬಳು ಊಟಕ್ಕೆ ಹೋದರೆ ಇನ್ನೊಬ್ಬಳು ಎರಡೂ ಬುಟ್ಟಿ ನೋಡಿಕೊಳ್ಳುವುದು. ನಾವು ಮಾತಾಡುವುದು ತುಳು. ಇಲ್ಲಿ ಎಲ್ಲರನ್ನೂ ಕನ್ನಡದಲ್ಲಿ ಮಾತಾಡಿಸಿದ್ದೇನೆ. ಗುಲಾಬಿಯ ಬೈಗುಳ ಮಾತ್ರ ಕನ್ನಡದಲ್ಲಿ ಅಷ್ಟು ಚಂದ ಬರುವುದಿಲ್ಲ, ಓದುವವರು ಸುಧಾರಿಸಿಕೊಳ್ಳಬೇಕು.

ಮಳೆಗಾಲದ ರಜೆ ಮುಗಿದು ದೋಣಿಗಳು ಕಡಲಿಗೆ ಇಳಿದ ಹೊಸತು. ಆ ದಿನ ನಮಗೆ ಸಿಕ್ಕಿದ್ದು ಒಂದು ದೊಡ್ಡ ಬುಟ್ಟಿ ತೇಡೆ. ತೇಡೆ ಎಂದರೆ ಮೀಸೆ ಇರುವ ಮೀನು. ಬೆನ್ನ ಮೇಲೆ ಒಂದು, ಎರಡು ಪಕ್ಕದಲ್ಲಿ ಎರಡು, ಗರಗಸದಂಥ ಮುಳ್ಳುಗಳು. ಚುಚ್ಚಿದರೆ ಎಂಥ ಗಂಡಸಾದರೂ ಅಮ್ಮನನ್ನು ಕರೆಯುತ್ತಾನೆ. ಹಾಗಾಗಿ ಬುಟ್ಟಿ ಇಳಿಸಿದ ಕೂಡಲೇ ಕತ್ತಿಯ ಹಿಂಬದಿಯಿಂದ ಹೊಡೆದು ಮೂರೂ ಮುಳ್ಳು ಮುರಿದು, ಮುರಿದ ಮೀನನ್ನು ಬೇರೆ ರಾಶಿ ಹಾಕುವುದು ನಮ್ಮ ಕ್ರಮ. ಆ ದಿನ ಆ ಕೆಲಸ ಗುಲಾಬಿಯದ್ದು. ನಡುವೆ ಮಟ್ಟು ಊರಿನ ಗಿರಾಕಿಯೊಬ್ಬರು ಬಂದು ಬಂಗುಡೆಗೆ ಚೌಕಾಸಿ ಶುರು ಮಾಡಿದರು, ಗುಲಾಬಿ ಅವರೊಡನೆ ಮಾತಿಗೆ ಬಿದ್ದಳು, ಮುರಿಯದ ಮೀನೊಂದು ಮುರಿದ ರಾಶಿಗೆ ಸೇರಿತು. ನಾನು ನೋಡದೆ ಕೈ ಹಾಕಿದೆ. ಮುಳ್ಳು ಹೆಬ್ಬೆರಳ ತುದಿಗೆ ಹೊಕ್ಕಿತು.

ಅಯ್ಯಬ್ಬಾ, ಆ ನೋವು! ಇಪ್ಪತ್ತಾರು ವರ್ಷಗಳಲ್ಲಿ ಎಷ್ಟೋ ಮುಳ್ಳು ಚುಚ್ಚಿಸಿಕೊಂಡ ಕೈ ನನ್ನದು. ಇದು ಹಾಗಲ್ಲ. ಕಣ್ಣಲ್ಲಿ ನೀರು ಬಂತು. ಗುಲಾಬಿ ಓಡಿ ಬಂದು ಬೆರಳು ಹಿಂಡಿ ರಕ್ತ ತೆಗೆದಳು, ಚಹಾದ ಅಂಗಡಿಯಿಂದ ಬಿಸಿನೀರು ತಂದು ಅದರಲ್ಲಿ ಬೆರಳು ಮುಳುಗಿಸಿದಳು. "ಸಾಯಂಕಾಲಕ್ಕೆ ಕಡಿಮೆ ಆಗ್ತದೆ ಮಾರಾಯ್ತಿ" ಎಂದಳು. ಆಗಲಿಲ್ಲ. ಹದಿನೈದು ದಿನಕ್ಕೆ ಬೆರಳಿನ ತುದಿ ನೆಲ್ಲಿಕಾಯಿ ಗಾತ್ರವಾಯಿತು, ಕೆಂಪಾಗಿ, ಬಿಸಿಯಾಗಿ. ಅರಶಿನ ಅರೆದು ಕಟ್ಟಿದೆ. ಉಪ್ಪು ನೀರಿನಲ್ಲಿ ಮುಳುಗಿಸಿದೆ. ಊರಿನ ಕ್ಲಿನಿಕ್ಕಿಗೆ ಹೋಗಿ, "ತೇಡೆ ಮುಳ್ಳು ಚುಚ್ಚಿ ಕೀವಾಗಿದೆ, ಮಾತ್ರೆ ಕೊಡಿ" ಎಂದೆ. ಆ ಡಾಕ್ಟರ ತಪ್ಪೇನೂ ಇಲ್ಲ. ರೋಗ ಎಂತದು, ಬಂದದ್ದು ಎಲ್ಲಿಂದ, ಕೊಡಬೇಕಾದ್ದು ಎಂತದು ಎಲ್ಲವನ್ನೂ ನಾನೇ ಹೇಳಿ ಮುಗಿಸಿದ್ದೆ. ಅವರಿಗೆ ಬರೆಯುವುದು ಮಾತ್ರ ಬಾಕಿ ಇತ್ತು.

ಎರಡು ಸಲ ಮಾತ್ರೆ ಬದಲಾಯಿತು. ಬೆರಳು ಬದಲಾಗಲಿಲ್ಲ. ಹೆಬ್ಬೆರಳಿಲ್ಲದೆ ಮೀನು ಕೊಯ್ಯುವುದು ಹೇಗೆ? ಮೀನಿನ ತಲೆಯನ್ನು ಒತ್ತಿ ಹಿಡಿಯುವುದೂ ಅದೇ, ಕತ್ತಿಗೆ ಬಲ ಕೊಡುವುದೂ ಅದೇ. ಗಿರಾಕಿಗಳು ನನ್ನಲ್ಲಿ ಮೀನು ತಗೊಂಡು ಕೊಯ್ಯಿಸಲು ಗುಲಾಬಿಯ ಹತ್ತಿರ ಹೋಗತೊಡಗಿದರು. ಅದೇ ನನಗೆ ಹೊಟ್ಟೆಗೆ ಬೆಂಕಿ ಹಾಕಿತು. ಒಂದು ಆದಿತ್ಯವಾರ, ಮಾರ್ಕೆಟ್ ಜನರಿಂದ ತುಂಬಿದ್ದಾಗ, ನಾನು ಎದ್ದು ನಿಂತು ಬೆರಳೆತ್ತಿ ತೋರಿಸಿದೆ.

"ನೋಡಿ, ಎಲ್ಲರೂ ನೋಡಿ! ಇದು ಗುಲಾಬಿಯ ಉಪಕಾರ! ಗಿರಾಕಿಯ ಹತ್ತಿರ ಹಲ್ಲು ಕಿರಿಯುವ ಗಡಿಬಿಡಿಯಲ್ಲಿ ಮುಳ್ಳು ಮುರಿಯಲಿಲ್ಲ ಇವಳು. ಏ ಗುಲಾಬಿ, ನನ್ನ ಬೆರಳು ಹೋದರೆ ನಿನ್ನ ಹೆಸರು ಹೇಳಿಕೊಂಡೇ ಹೋಗುವುದು, ನೆನಪಿಟ್ಟುಕೋ!"

ಗುಲಾಬಿ ಬಾಯಿ ಜೋರಿನವಳು. ಅವಳು ತಿರುಗಿ ಹತ್ತು ಮಾತು ಹೇಳುತ್ತಾಳೆ, ನಾನು ಇಪ್ಪತ್ತು ಹೇಳುತ್ತೇನೆ, ಸಾಯಂಕಾಲಕ್ಕೆ ಚಹಾ ಕುಡಿಯುತ್ತೇವೆ ಎಂದೇ ನನ್ನ ಲೆಕ್ಕ. ಅವಳು ಒಂದು ಮಾತೂ ಆಡಲಿಲ್ಲ. ಕತ್ತಿ ಕೆಳಗಿಟ್ಟು ನನ್ನ ಬೆರಳನ್ನೇ ನೋಡುತ್ತ ಕೂತಳು. ಮರುದಿನದಿಂದ ನಾನು ಬೇರೆ ಫ್ಲಾಸ್ಕು ತಂದೆ.

ಆಮೇಲೆ ಕಾರ್ಕಳದಿಂದ ಮಗಳು ಶ್ವೇತ ಬಂದಳು. ಅವಳು ಅಲ್ಲಿಗೆ ಮದುವೆಯಾಗಿ ಹೋದವಳು, ಗೇರುಬೀಜದ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಬೆರಳು ನೋಡಿದವಳೇ ಅಪ್ಪನಿಗೂ ನನಗೂ ಸೇರಿಸಿ ಬೈದು, ಉಡುಪಿಯ ಅಂಬಲಪಾಡಿಯಲ್ಲಿರುವ ಒಬ್ಬರು ಸರ್ಜನ್ನರಲ್ಲಿಗೆ ಕರೆದುಕೊಂಡು ಹೋದಳು. ನಾನು ಅಲ್ಲಿಯೂ ಸುಮ್ಮನಿರಲಿಲ್ಲ. "ಮುಳ್ಳಿನ ತುಂಡು ಒಳಗೆ ಉಳಿದಿದೆ ಡಾಕ್ಟ್ರೇ, ಅದನ್ನು ತೆಗೆದುಬಿಡಿ ಸಾಕು" ಎಂದೆ. ಅವರು ಎಕ್ಸ್‌ರೇ ತೆಗೆಸಿ, ದೀಪಕ್ಕೆ ಹಿಡಿದು, ಬಹಳ ಹೊತ್ತು ನೋಡಿದರು.

"ಮುಳ್ಳು ಕಾಣುವುದಿಲ್ಲ ಅಮ್ಮಾ. ಇಲ್ಲಿ ಎಲುಬೇ ಕಾಣುವುದಿಲ್ಲ" ಎಂದರು.

ಹೆಬ್ಬೆರಳ ತುದಿಯ ಎಲುಬು ಕರಗಿ ಹೋಗಿತ್ತು. ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ತರಲು ನನ್ನ ಗಂಡನೂ ಶ್ವೇತಳೂ ಹೋದರು. ನಾನು ಬರುತ್ತೇನೆ ಎಂದರೆ ಬೇಡ ಎಂದರು. ಅವರು ಹಿಂದಿರುಗಿದ ಮೇಲೆ ಮನೆಯಲ್ಲಿ ವಿಚಿತ್ರಗಳು ಶುರುವಾದವು. ಮೂವತ್ತು ವರ್ಷ ದೋಣಿಯಲ್ಲಿ ದುಡಿದು, ಈಗ ಮನೆಯ ಜಗಲಿಯಲ್ಲಿ ಬಲೆ ಹೆಣೆಯುವ ನನ್ನ ಗಂಡ ಸದಾಶಿವ ಅವರು ಊಟ ಮಾಡಿದ ಬಟ್ಟಲನ್ನು ತಾವೇ ತೊಳೆದಿಟ್ಟರು. ಸಾರಿಗೆ ಉಪ್ಪು ಹೆಚ್ಚಾಗಿದ್ದರೂ "ಒಳ್ಳೆದಾಗಿದೆ" ಎಂದರು. ಶ್ವೇತ ಎರಡು ದಿನಕ್ಕೆ ಬಂದವಳು ನಾಲ್ಕನೆಯ ದಿನವೂ ಹೊರಡಲಿಲ್ಲ.

ಮೀನಿನ ಕಿವಿರು ಎತ್ತಿದ ಕೂಡಲೇ ಇವತ್ತಿನದ್ದಾ ನಿನ್ನೆಯದ್ದಾ ಎಂದು ಹೇಳುವವಳು ನಾನು. ಮನೆಯವರ ಮುಖ ನೋಡಿದರೆ ಗೊತ್ತಾಗುವುದಿಲ್ಲವೇ? ಬೆಳಗಿನ ಚಹಾಕ್ಕೆ ಇಬ್ಬರನ್ನೂ ಎದುರು ಕೂರಿಸಿದೆ.

"ಬಟ್ಟಲು ಯಾಕೆ ತೊಳೆದದ್ದು?" ಎಂದು ಇವರನ್ನು ಕೇಳಿದೆ.

"ಎಂತ, ಒಂದು ಬಟ್ಟಲು ತೊಳೆಯಬಾರದಾ?"

"ಮೂವತ್ತೊಂದು ವರ್ಷ ತೊಳೆಯಲಿಲ್ಲ. ನಾನು ಸಾಯುತ್ತೇನಾ?"

ಇವರು ಲೋಟ ಕೆಳಗಿಟ್ಟರು. ಬಲೆಯ ನೂಲು ಹಿಡಿದು ಗಟ್ಟಿಯಾದ ಆ ಎರಡು ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಶ್ವೇತ, "ಅಮ್ಮಾ, ಬೆರಳಲ್ಲಿ ಇರುವುದು ಕ್ಯಾನ್ಸರ್. ಆದರೆ ಅದು ಬೆರಳಿನದ್ದಲ್ಲ, ಬೇರೆ ಎಲ್ಲಿಂದಲೋ ಬಂದದ್ದಂತೆ. ಎಲ್ಲಿಂದ ಅಂತ ಮಣಿಪಾಲದಲ್ಲಿ ನೋಡಬೇಕಂತೆ" ಎಂದಳು. ಹೆದರಿಕೆ ಎಂದರೆ ಅದು ಹೆದರಿಕೆ. ಆದರೂ ನನ್ನ ಬಾಯಿಂದ ಬಂದ ಮೊದಲ ಮಾತು ಇದು: "ಹಾಗಾದರೆ ಮುಳ್ಳು?"

"ಮುಳ್ಳಿಗೂ ಇದಕ್ಕೂ ಸಂಬಂಧ ಇಲ್ಲಮ್ಮ."

ನಾನು ನಂಬಲಿಲ್ಲ. ಆರು ವಾರ ಗುಲಾಬಿಯ ಮೇಲೆ ಕಟ್ಟಿಕೊಂಡು ಬಂದ ಸಿಟ್ಟನ್ನು ಅಷ್ಟು ಸುಲಭಕ್ಕೆ ಎಲ್ಲಿ ಇಳಿಸುವುದು?

ಮಣಿಪಾಲದಲ್ಲಿ ಸ್ಕ್ಯಾನ್ ಆಯಿತು. ಗಡ್ಡೆಯ ಮೂಲ ಎಡ ಶ್ವಾಸಕೋಶದ ಕೆಳಗಿನ ಮೂಲೆಯಲ್ಲಿತ್ತು. ಒಂದು ಲಿಂಬೆಹಣ್ಣಿನಷ್ಟು, ಸದ್ದಿಲ್ಲದೆ. ಅಲ್ಲಿಂದ ಅದು ಹತ್ತಿರದ ಜಾಗ ಎಲ್ಲ ಬಿಟ್ಟು ಬಲಗೈಯ ಹೆಬ್ಬೆರಳಿಗೆ ಬಂದಿತ್ತು. ನನ್ನನ್ನು ನೋಡುತ್ತಿದ್ದದ್ದು ಒಬ್ಬರು ಚಿಕ್ಕ ಪ್ರಾಯದ ಡಾಕ್ಟರಮ್ಮ. "ಹೀಗೂ ಆಗ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ ಅಮ್ಮಾ, ಕಣ್ಣಲ್ಲಿ ನೋಡಿದ್ದು ನಿಮ್ಮದೇ ಮೊದಲು" ಎಂದರು. ಅವರು ಹಾಗೆ ಹೇಳಿದ್ದೇ ತಡ, ನನ್ನ ಬೆರಳಿಗೆ ಒಂದು ಮರ್ಯಾದೆ ಬಂತು. ಬಿಳಿ ಕೋಟು ಹಾಕಿದ ವಿದ್ಯಾರ್ಥಿಗಳು ಸಾಲಾಗಿ ಬಂದು ನೋಡಿದರು. ಒಬ್ಬ ಹುಡುಗಿ ಫೋಟೋ ತೆಗೆಯಲಾ ಎಂದು ವಿನಯದಿಂದ ಕೇಳಿದಳು. "ತೆಗೆ ಮಗಾ, ಮದುವೆಯಲ್ಲಿಯೂ ನನ್ನ ಫೋಟೋ ಇಷ್ಟು ಜನ ತೆಗೆದಿರಲಿಲ್ಲ" ಎಂದೆ. ಎಲ್ಲರೂ ನಕ್ಕರು. ನಾನು ಬೆರಳನ್ನು ಬೆಳಕಿಗೆ ತಿರುಗಿಸಿ ಹಿಡಿದೆ.

ಆಮೇಲೆ ಡಾಕ್ಟರಮ್ಮ ಎಲ್ಲರನ್ನೂ ಕಳಿಸಿ, ಬರೆಯುತ್ತ ಕೇಳಿದರು: "ಮುಳ್ಳು ಚುಚ್ಚುವ ಮೊದಲು ಆ ಬೆರಳಿನಲ್ಲಿ ನೋವು ಇತ್ತಾ?"

"ಇಲ್ಲ" ಎಂದೆ. ಗಂಡ ಪಕ್ಕದಲ್ಲೇ ಇದ್ದರು.

"ನೆನಪು ಮಾಡಿ ಹೇಳಿ. ಸ್ವಲ್ಪವೂ ಇರಲಿಲ್ಲವಾ?"

ನೆನಪು ಮಾಡಬೇಕಾದ ಅಗತ್ಯವೇ ಇರಲಿಲ್ಲ. ಮಳೆಗಾಲದಲ್ಲೇ, ಮಾರ್ಕೆಟಿಗೆ ಹೋಗದೆ ಮನೆಯಲ್ಲಿ ಕೂತಿದ್ದಾಗಲೇ, ಆ ಬೆರಳು ಒಳಗಿನಿಂದ ಸೆಳೆಯುತ್ತಿತ್ತು. ಒಣ ಸಿಗಡಿಯ ತಲೆ ಚಿವುಟುವಾಗ ನೋಯುತ್ತಿತ್ತು. ರವಿಕೆಯ ಹುಕ್ಕು ಹಾಕಲು ಎಡಗೈ ಬಳಸುತ್ತಿದ್ದೆ. ಪ್ರಾಯವಾಯಿತು, ವಾತ ಇರಬೇಕು ಎಂದು ಸುಮ್ಮನಿದ್ದೆ. ಮುಳ್ಳು ಚುಚ್ಚಿದ ದಿನ ಅಷ್ಟು ಜೀವ ಹೋಗುವಂತೆ ನೊಂದದ್ದು ಯಾಕೆ ಎಂದು ಆಗ ಹೊಳೆಯಿತು. ಅದು ಮೊದಲೇ ನೊಂದ ಬೆರಳು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಗುಲಾಬಿಯ ತಲೆಗೆ ಕಟ್ಟಿದೆ.

"ಇತ್ತು" ಎಂದೆ. ಡಾಕ್ಟರಮ್ಮ ಬರೆದುಕೊಂಡರು. ಅವರ ಮಟ್ಟಿಗೆ ಅದು ಒಂದು ಸಾಲು. ನನಗೆ ಮಾತ್ರ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕ್ಯಾನ್ಸರ್ ಎಂದು ಹೇಳಿದಾಗ ತಲೆ ತಗ್ಗಿಸದವಳು ಅಲ್ಲಿ ತಗ್ಗಿಸಿದೆ.

ಮಣಿಪಾಲದ ಕಾಯುವ ಹಾಲ್ ಒಂದು ಬೇರೆಯೇ ಊರು. ಟೋಕನ್ ತಗೊಂಡು ಕೂತರೆ ಎರಡು ಗಂಟೆ, ಮೂರು ಗಂಟೆ. ಫ್ಯಾನಿನ ಕೆಳಗಿನ ಕುರ್ಚಿಗೆ ಬಹಳ ಬೇಡಿಕೆ. ನೆಲ ಒರೆಸುವ ಅಕ್ಕ ಒಬ್ಬರಿದ್ದರು, ನನ್ನ ಕೈಯ ಬ್ಯಾಂಡೇಜು ನೋಡಿ ಯಾವಾಗಲೂ ಆ ಕುರ್ಚಿಯ ಮೇಲೆ ತಮ್ಮ ಬಟ್ಟೆ ಇಟ್ಟು ಹಿಡಿದು ಕೊಡುತ್ತಿದ್ದರು. ನನಗೆ ಅವರ ಹೆಸರು ಇಂದಿಗೂ ಗೊತ್ತಿಲ್ಲ. ಶಿವಮೊಗ್ಗದ ಕಡೆಯ ಒಬ್ಬ ಹೆಂಗಸು ಡಬ್ಬಿ ತೆರೆದರೆ ಸುತ್ತ ಕೂತವರಿಗೆಲ್ಲ ರೊಟ್ಟಿ ಹಂಚುತ್ತಿದ್ದಳು. ನಾನು ಮೀನು ತಂದು ಹಂಚುವ ಹಾಗಿಲ್ಲವಲ್ಲ ಎಂದು ಬೇಸರವಾಗುತ್ತಿತ್ತು.

ಅಲ್ಲಿಯೇ ನನಗೆ ಕಾರ್ಕಳದ ಮಾಸ್ಟ್ರು ಸಿಕ್ಕಿದ್ದು. ನಿವೃತ್ತ ಗಣಿತದ ಮಾಸ್ಟ್ರು, ಬಿಳಿ ಪಂಚೆ, ಕೈಯಲ್ಲಿ ಯಾವಾಗಲೂ ಪೇಪರು.

"ನಿಮ್ಮದು ಎಲ್ಲಿ?" ಎಂದು ಕೇಳಿದರು.

"ಶ್ವಾಸಕೋಶದ್ದು. ಬಂದದ್ದು ಹೆಬ್ಬೆರಳಿಗೆ."

ಅವರು ಪೇಪರು ಮಡಚಿಟ್ಟು ನೆಟ್ಟಗೆ ಕೂತರು. "ಹೌದಾ! ನನ್ನದೂ ಶ್ವಾಸಕೋಶದ್ದೇ. ಬಂದದ್ದು ವಸಡಿಗೆ. ಇಲ್ಲಿ ನನ್ನಷ್ಟು ಅಪರೂಪದವರು ಯಾರೂ ಇಲ್ಲ ಅಂತ ಗ್ರಹಿಸಿದ್ದೆ. ನೀವು ಬಂದು ನನ್ನ ಮೊದಲ ರ‍್ಯಾಂಕ್ ಕಿತ್ತುಕೊಂಡಿರಿ ಅಲ್ವಾ?"

ಅವರ ಕಥೆಯೂ ನನ್ನದರ ಹಾಗೆಯೇ. ಹೊಸ ಹಲ್ಲಿನ ಸೆಟ್ ಕಟ್ಟಿಸಿದ್ದರು. ವಸಡಿನಲ್ಲಿ ಗಂಟು ಬಂದಾಗ ಸೆಟ್ ಸರಿ ಇಲ್ಲ, ಅದು ಉಜ್ಜಿ ಉಜ್ಜಿ ಹೀಗಾಯಿತು ಎಂದು ಹಲ್ಲಿನ ಡಾಕ್ಟರ ಜೊತೆ ಜಗಳ ಮಾಡಿದ್ದರು. ಆ ಡಾಕ್ಟರೇ ಅನುಮಾನ ಬಂದು ಮಣಿಪಾಲಕ್ಕೆ ಕಳಿಸಿದ್ದು. "ನೋಡಿ, ಈ ಕಾಯಿಲೆ ಕಾರ್ಕಳದ ಬಸ್ಸು ಹತ್ತಿ ಮಲ್ಪೆಯಲ್ಲಿ ಇಳಿಯುವಂಥದ್ದು. ಟಿಕೆಟು ಎಲ್ಲಿಗೆ ತಗೊಂಡಿದೆ ಅಂತ ಕಂಡಕ್ಟರಿಗೂ ಗೊತ್ತಿರುವುದಿಲ್ಲ" ಎನ್ನುತ್ತಿದ್ದರು. ನಾವು ಇಬ್ಬರೂ ನಗುವುದನ್ನು ನೋಡಿ ಹೊಸದಾಗಿ ಬಂದವರು ಗಾಬರಿಯಾಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರೂ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಿದ್ದರು.

ನಗು ಬಾರದ ದಿನಗಳೂ ಇದ್ದವು. ಬೆರಳನ್ನು ಕತ್ತರಿಸಬೇಕೋ ಬೇಡವೋ ಎಂದು ಡಾಕ್ಟರುಗಳು ಚರ್ಚೆ ಮಾಡುತ್ತಿದ್ದರು. ಕತ್ತರಿಸಿದರೆ ನೋವು ಬೇಗ ಹೋಗುತ್ತದೆ. ಕತ್ತರಿಸದಿದ್ದರೆ ಕರೆಂಟು ಕೊಟ್ಟು, ಅಂದರೆ ರೇಡಿಯೇಶನ್ ಕೊಟ್ಟು ನೋಡಬಹುದು, ಆದರೆ ಖಾತ್ರಿ ಇಲ್ಲ. ಗಡ್ಡೆಯ ಚೂರನ್ನು ಇನ್ನೊಂದು ಪರೀಕ್ಷೆಗೆ ದೂರದ ಊರಿಗೆ ಕಳಿಸಿದ್ದರು. ಅದರಲ್ಲಿ ಒಂದು ಗುಣ ಕಂಡರೆ ದಿನಕ್ಕೊಂದು ಮಾತ್ರೆಯಲ್ಲಿ ಕಾಯಿಲೆಯನ್ನು ಹಿಡಿದಿಡಬಹುದು, ಕಾಣದಿದ್ದರೆ ಕಿಮೋ. ಆ ಮೂರು ವಾರ ನಾನು ಮನೆಯಲ್ಲಿ ಎಡಗೈಯಲ್ಲಿ ಕತ್ತಿ ಹಿಡಿದು ಬದನೆಕಾಯಿ ಕೊಯ್ದು ಅಭ್ಯಾಸ ಮಾಡಿದೆ. ಬದನೆಕಾಯಿ ಸುಮ್ಮನೆ ಕೂರುತ್ತದೆ, ಮೀನು ಜಾರುತ್ತದೆ. ಇವರು ಜಗಲಿಯಿಂದ ನೋಡಿ, "ಬಿಡು, ಇನ್ನು ಮಾರ್ಕೆಟಿಗೆ ಹೋಗಬೇಕೆಂದು ಎಂತ ಉಂಟು?" ಎಂದರು. ನನಗೆ ಅಳು ಬಂತು. ಸಾಯುವುದಕ್ಕಿಂತ ಹೆಚ್ಚು, ಆ ಜಾಗದಲ್ಲಿ ಮತ್ತೆ ಕೂರದೆ ಸಾಯುವುದು ನನಗೆ ಬೇಡವಾಗಿತ್ತು. ಕೂರುವುದೆಂದರೆ ಗುಲಾಬಿಯ ಪಕ್ಕದಲ್ಲಿ. ಅವಳು ಒಂದು ದಿನವೂ ನನ್ನನ್ನು ನೋಡಲು ಬಂದಿರಲಿಲ್ಲ.

ಮಾರ್ಕೆಟಿನ ಉಳಿದ ಹೆಂಗಸರೆಲ್ಲ ಬಂದರು. ಬೆರಳಿಗೆ ಕ್ಯಾನ್ಸರ್ ಎಂದಷ್ಟೇ ಅವರಿಗೆ ಗೊತ್ತು, ಎದೆಯ ವಿಷಯ ನಾನು ಹೇಳಿರಲಿಲ್ಲ. ಹಾರ್ಲಿಕ್ಸ್, ದಾಳಿಂಬೆ, ಬಾಯಿಗೆ ಬಂದ ಸಲಹೆ, ಎಲ್ಲ ತಂದರು. "ಗುಲಾಬಿ ಎಂತ ಮಾಡ್ತಾಳೆ?" ಎಂದು ಕೇಳಿದರೆ ಮಾತು ಬದಲಿಸುತ್ತಿದ್ದರು. ಅವಳಿಗೆ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ, ನನಗೆ ಆಗಬೇಕಾದ್ದೇ ಎಂದುಕೊಂಡೆ. ಹೋಗಿ ಹೇಳಿಬಿಡಬೇಕು ಎಂದು ದಿನಾ ಹೊರಡುತ್ತಿದ್ದೆ. ಚಪ್ಪಲಿ ಹಾಕುವ ಹೊತ್ತಿಗೆ ಧೈರ್ಯ ಹೋಗುತ್ತಿತ್ತು.

ಪರೀಕ್ಷೆಯಲ್ಲಿ ಆ ಗುಣ ಕಂಡಿತು. ದಿನಕ್ಕೊಂದು ಮಾತ್ರೆ. ಬೆರಳಿಗೆ ಐದು ದಿನ ರೇಡಿಯೇಶನ್. ಕೈಯನ್ನು ಮೇಜಿನ ಮೇಲೆ ಚಾಚಿ ಮಲಗಿದರೆ ಮಷಿನ್ ಗುಂಯ್ ಎನ್ನುತ್ತದೆ, ಅಷ್ಟೇ. ಇದಕ್ಕಾ ನಾನು ಇಷ್ಟು ಹೆದರಿದ್ದು ಎನಿಸಿತು. ಮಾತ್ರೆಯ ಉಪದ್ರ ಬೇರೆ. ಹೊಟ್ಟೆ ಕೆಡುತ್ತಿತ್ತು. ಮುಖದ ತುಂಬ ಮೊಡವೆ ಬಂತು. ಕನ್ನಡಿ ನೋಡಿಕೊಂಡು, "ನೋಡಿ, ನಿಮ್ಮ ಹೆಂಡತಿಗೆ ಹದಿನಾರು ವರ್ಷ" ಎಂದೆ. ಇವರು, "ಹದಿನಾರರಲ್ಲಿ ನೀನು ಇಷ್ಟು ಮಾತಾಡುತ್ತಿದ್ದೆಯಾ?" ಎಂದರು. ಎರಡು ತಿಂಗಳಿಗೆ ಬೆರಳಿನ ಊತ ಇಳಿಯಿತು. ಉಗುರು ಹೋಯಿತು, ತುದಿ ಸ್ವಲ್ಪ ಸೊಟ್ಟಗಾಯಿತು, ಬೆರಳು ಉಳಿಯಿತು. ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿದಾಗ ಎದೆಯ ಗಡ್ಡೆ ಲಿಂಬೆಯಿಂದ ನೆಲಗಡಲೆಗೆ ಇಳಿದಿತ್ತು.

"ಪೂರಾ ಹೋಗ್ತದಾ ಡಾಕ್ಟ್ರೇ?" ಎಂದು ಕೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ಪೂರಾ ಹೋಗ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ ಅಮ್ಮಾ. ಮಾತ್ರೆ ಕೆಲಸ ಮಾಡುವಷ್ಟು ಕಾಲ ಹೀಗೆ ಹಿಡಿದಿಡಬಹುದು. ಎಷ್ಟು ಕಾಲ ಅಂತ ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ. ಆಮೇಲೆ ಬೇರೆ ದಾರಿ ನೋಡುವಾ." ಆ ದಿನ ಒಳಗೆ ನಾನು ಒಬ್ಬಳೇ ಹೋಗಿದ್ದೆ. ಹೊರಗೆ ಬಂದು ಇವರಿಗೆ, "ಇಳಿದಿದೆಯಂತೆ, ಒಳ್ಳೆ ಸುದ್ದಿ" ಎಂದಷ್ಟೇ ಹೇಳಿದೆ. ಉಳಿದದ್ದನ್ನು ಯಾರಿಗೂ ಹೇಳಲಿಲ್ಲ.

ಮಾಸ್ಟ್ರು ಹಾಲ್‌ನಲ್ಲಿ ಇದ್ದರು. ಅವರಿಗೂ ಬೇರೊಂದು ಮದ್ದು ಹಿಡಿದಿತ್ತು. ಗುಲಾಬಿಯ ವಿಷಯ ಅವರಿಗೆ ಮಾತ್ರ ಹೇಳಿದ್ದೆ. "ನಾನು ಹೋಗಿ ಆ ಹಲ್ಲಿನ ಡಾಕ್ಟರಿಗೆ ತಪ್ಪಾಯ್ತು ಅಂದೆ. ಅವನು 'ನಾನು ಆಗಲೇ ಹೇಳಿರಲಿಲ್ಲವಾ' ಅಂತ ನನಗೇ ಅರ್ಧ ಗಂಟೆ ಬೈದ. ಬೈಸಿಕೊಂಡು ಬಂದ ಮೇಲೆ ರಾತ್ರಿ ಒಳ್ಳೆ ನಿದ್ದೆ ಬಂತು. ನೀವೂ ಹೋಗಿ ಬೈಸಿಕೊಳ್ಳಿ" ಎಂದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಮಾರ್ಕೆಟಿಗೆ ಹೋದೆ. ಬೈದದ್ದು ಎಲ್ಲರ ಎದುರು. ತಪ್ಪಾಯಿತು ಎನ್ನುವುದೂ ಎಲ್ಲರ ಎದುರೇ ಆಗಬೇಕು ಎಂದು ತೀರ್ಮಾನಿಸಿಕೊಂಡೇ ಹೋಗಿದ್ದೆ. ದೂರದಿಂದ ನೋಡಿದರೆ ಗುಲಾಬಿ ಅವಳ ಜಾಗದಲ್ಲಿ ಇದ್ದಾಳೆ. ನನ್ನ ಜಾಗದಲ್ಲಿ ಯಾರೂ ಇಲ್ಲ. ಅಲ್ಲಿ ಒಂದು ಖಾಲಿ ಬುಟ್ಟಿ ಕವುಚಿ ಇಟ್ಟಿದ್ದಳು, ಬೇರೆಯವರು ಕೂರಬಾರದೆಂದು. ಅವಳು ಬಹಳ ಸೊರಗಿದ್ದಳು. ಕಾಯಿಲೆ ಬಂದದ್ದು ನನಗಾ ಇವಳಿಗಾ ಎನಿಸಿತು. ನನ್ನನ್ನು ಕಂಡದ್ದೇ ಎದ್ದು ನಿಂತಳು. ಅವಳ ಕಣ್ಣು ನೇರ ನನ್ನ ಬೆರಳಿಗೆ ಹೋಯಿತು.

ನಾನು ಗಂಟಲು ಸರಿಮಾಡಿಕೊಂಡು, ಏಲಂ ಕೂಗುವ ದನಿಯಲ್ಲಿ ಹೇಳಿದೆ: "ಎಲ್ಲರೂ ಕೇಳಿ! ನನಗೆ ಬಂದ ಕಾಯಿಲೆ ಮುಳ್ಳಿನಿಂದ ಬಂದದ್ದಲ್ಲ. ಎದೆಯಲ್ಲಿ ಮೊದಲೇ ಇತ್ತು. ಬೆರಳು ಮಳೆಗಾಲದಲ್ಲೇ ನೋಯುತ್ತಿತ್ತು, ನಾನು ಹೇಳಲಿಲ್ಲ. ಗುಲಾಬಿಯ ತಪ್ಪು ಎಂತದೂ ಇಲ್ಲ. ಅವಳನ್ನು ಬೈದದ್ದು ನನ್ನ ದೊಡ್ಡ ತಪ್ಪು."

ಗುಲಾಬಿ ಒಂದು ಹೆಜ್ಜೆ ಹತ್ತಿರ ಬಂದಳು.

"ಮುಳ್ಳಿನಿಂದ ಅಲ್ಲವಾ?"

"ಅಲ್ಲ ಮಾರಾಯ್ತಿ."

"ಇದು ನಿನಗೆ ಯಾವಾಗ ಗೊತ್ತಾದದ್ದು?"

"ನಾಲ್ಕು ತಿಂಗಳಾಯಿತು."

ಅಷ್ಟೇ. ಆಮೇಲೆ ಶುರುವಾಯಿತು ನೋಡಿ! ಇಪ್ಪತ್ತಾರು ವರ್ಷಗಳಲ್ಲಿ ನಾನು ಕೇಳದ ಬೈಗುಳವೆಲ್ಲ ಬಂತು. ನನ್ನ ಬೆರಳಿಗೆ, ನಾಲಿಗೆಗೆ, ನನ್ನನ್ನು ಹೆತ್ತವರಿಗೆ, ಕೊನೆಗೆ ಮಣಿಪಾಲದ ಬಸ್ಸಿಗೂ ಬೈದಳು. ನಾನು ಮಾಸ್ಟ್ರು ಹೇಳಿದ ಹಾಗೆ ನಿಂತು ಬೈಸಿಕೊಂಡೆ. ಬೈದು ಬೈದು ಅವಳ ದನಿ ಒಡೆಯಿತು.

"ನಾಲ್ಕು ತಿಂಗಳು! ನನ್ನ ಕೈಯಿಂದ ನಿನಗೆ ಕ್ಯಾನ್ಸರ್ ಬಂತು ಅಂತ ನಾನು ಸತ್ತು ಸತ್ತು ಬದುಕಿದೆನಲ್ಲ! ನಿನ್ನ ಮನೆಯ ಗೇಟಿನವರೆಗೆ ಬಂದು ಎಷ್ಟು ಸಲ ತಿರುಗಿ ಹೋದೆ ಗೊತ್ತುಂಟಾ? ಮಾರಿಗುಡಿಯಲ್ಲಿ ಹರಕೆ ಹೇಳಿದೆ. ನಿನಗೆ ಪೂರಾ ಗುಣ ಆಗುವವರೆಗೆ ಮೀನು ಬಾಯಿಗೆ ಹಾಕುವುದಿಲ್ಲ ಅಂತ. ನಾಲ್ಕು ತಿಂಗಳಿಂದ ದಿನವಿಡೀ ಮೀನು ಮಾರಿ ಮನೆಗೆ ಹೋಗಿ ತೊಂಡೆಕಾಯಿ ತಿಂತಾ ಇದ್ದೇನೆ ನಾನು! ತೊಂಡೆಕಾಯಿ!"

ನನಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು. ಮೀನಿಲ್ಲದೆ ಒಂದು ಹೊತ್ತು ಅನ್ನ ಇಳಿಯದವಳು ಗುಲಾಬಿ. ಮಳೆಗಾಲದಲ್ಲಿಯೂ ಒಣಮೀನು ಸುಟ್ಟುಕೊಂಡು ಗಂಜಿ ಉಣ್ಣುವವಳು. ನಾನು ಹೋಗಿ ಅವಳನ್ನು ತಬ್ಬಿಕೊಂಡೆ. ಎಲುಬು ಕೈಗೆ ಸಿಕ್ಕಿತು. ಅವಳು ನನ್ನ ಬಲಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು, ಡಾಕ್ಟರುಗಳು ನೋಡಿದ್ದಕ್ಕಿಂತ ಜಾಗ್ರತೆಯಾಗಿ.

"ಈಗ ಕಡಿಮೆ ಆಗಿದೆಯಲ್ಲ. ಪೂರಾ ಗುಣ ಯಾವಾಗ ಅಂತೆ? ಇಷ್ಟು ದಿನ ತಡೆದದ್ದು, ಇನ್ನು ನಾಲ್ಕು ತಿಂಗಳು ತಡೆದುಕೊಳ್ಳುತ್ತೇನೆ. ಗುಡಿಯ ಅಮ್ಮನಿಗೆ ಕೊಟ್ಟ ಮಾತು" ಎಂದಳು.

ಅವಳು ಅದನ್ನು ಖುಷಿಯಿಂದಲೇ ಕೇಳಿದಳು. ನಾನು ಸುಳ್ಳು ಹೇಳಬಹುದಿತ್ತು. ಗಂಡನಿಗೆ ಹೇಳದ ಮಾತು, ಮಗಳಿಗೆ ಹೇಳದ ಮಾತು. ಆದರೆ ಇವಳಿಗೆ ಒಮ್ಮೆ ಸುಳ್ಳು ಹೇಳಿ ಆಗಿತ್ತು. ಅದರ ಫಲ ನನ್ನೆದುರು ಸೊರಗಿ ನಿಂತಿತ್ತು.

"ಪೂರಾ ಗುಣ ಆಗುವುದಿಲ್ಲ ಗುಲಾಬಿ" ಎಂದೆ. "ಮಾತ್ರೆ ನುಂಗುತ್ತ ಇರುವುದು, ಅಷ್ಟೇ. ಒಂದು ವರ್ಷವೋ, ಐದು ವರ್ಷವೋ, ಡಾಕ್ಟರಿಗೂ ಗೊತ್ತಿಲ್ಲ."

ಗುಲಾಬಿ ನನ್ನ ಕೈ ಬಿಡಲಿಲ್ಲ. ಎದುರಿಗೆ ಗಿರಾಕಿಯೊಬ್ಬರು ಬಂದು ಅವಳ ಬುಟ್ಟಿಯ ಮೀನು ತೋರಿಸಿ "ಬೂತಾಯಿ ಹೇಗೆ?" ಎಂದು ಕೇಳಿದರು. ಅವಳು ಅವರ ಕಡೆ ನೋಡಲೂ ಇಲ್ಲ. ಬುಟ್ಟಿಯ ಮೇಲೆ ಗೋಣಿ ಎಳೆದು ಮುಚ್ಚಿದಳು.

"ಇದು ಮಾರಲಿಕ್ಕೆ ಇಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಡೆ. ಮೊದಲು ಗುಡಿಗೆ ಹೋಗಿ ಅಮ್ಮನಿಗೆ ತಪ್ಪುಕಾಣಿಕೆ ಹಾಕುವ. ಅವಳೂ ಹೆಂಗಸಲ್ವಾ, ಅವಳಿಗೆ ಅರ್ಥ ಆಗ್ತದೆ. ಆಮೇಲೆ ನನ್ನ ಮನೆಗೆ. ಪೂರಾ ಗುಣ ಆಗುವುದಿಲ್ಲ ಅಂತಾದರೆ ಎಂತಕ್ಕೆ ಕಾಯುವುದು ಮಾರಾಯ್ತಿ? ಇವತ್ತೇ ಮೀನು ತಿನ್ನುವ."